ಉಪ್ಪಿಟ್ಟಿನ ಡಬ್ಬದೊಳಗಿನ ಕೇಕು

"ಏನಕ್ಕಾ, ಬೆಳಬೆಳಗ್ಗೇನೇ ಬೇಕರಿ ವಾಸ್ನೆ?" ಅಂತ ಕಾಂಪೌಂಡಿನಾಚೆ ಕತ್ತು ಚಾಚಿದೆ. ಪಕ್ಕದ ಮನೆ ಅಕ್ಕನ ತವರು ಚನ್ನಪಟ್ಟಣ, ಕೊಟ್ಟಿದ್ದು ನಮ್ಮ ರಾಮನಗರಕ್ಕೆ. ಅವರ ಒಲೆ ಮೇಲೆ ಏನಿದ್ದರೂ ಮೊದಲು ಗೊತ್ತಾಗುವುದು ನನ್ನ ಮೂಗಿಗೆ.

"ರವೆ ಕೇಕು ಕಣಮ್ಮ, ತಿಂಡಿಗೆ."

ತಿಂಡಿಗೆ ಕೇಕೇ! ಬಿಡದಿ ತಟ್ಟೆ ಇಡ್ಲಿ ಇರುವ ಜಿಲ್ಲೆಯಲ್ಲಿ! "ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು ಅಂತ ನಾಲಗೇನೂ ಬದಲಾಯಿಸ್ಕೊಬೇಕಾ ಅಕ್ಕಾ?" ಅಂದೆ.

"ಹೋಟ್ಲಿಗೆ ಹೋದ್ರೆ ಚೌಚೌ ಬಾತ್ ಹೇಳ್ತೀಯಲ್ಲ, ಅದ್ರಲ್ಲಿ ಅರ್ಧ ಕೇಸರಿಬಾತು. ಅದು ತಿಂಡಿ ಅಲ್ವಾ?"

ಮಾತು ನಿಂತಿತು. ಹೌದಲ್ಲ, ಉಪ್ಪಿಟ್ಟು, ಕೇಸರಿಬಾತು, ಈ ಕೇಕು ಮೂರೂ ಒಂದೇ ಡಬ್ಬದ ರವೆಯ ಮಕ್ಕಳು. ಕೇಸರಿಬಾತಿಗಾದರೆ ಒಲೆ ಮುಂದೆ ನಿಂತು ಕೈಯಾಡಿಸಬೇಕು. ಇದನ್ನು ಒಲೆಗೆ ಒಪ್ಪಿಸಿ ಮಕ್ಕಳ ಜಡೆ ಹಾಕಬಹುದು.

ಅಕ್ಕನ ಲೆಕ್ಕ ಲೋಟದ್ದು. ಚಿರೋಟಿ ರವೆ ಒಂದು ಲೋಟ. ಉಪ್ಪಿಟ್ಟಿನ ರವೆಯೇ ಇದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಳ್ಳುವುದು. ಸಕ್ಕರೆ ಮುಕ್ಕಾಲು, ಮೊಸರು ಮುಕ್ಕಾಲು, ಹಾಲು ಅರ್ಧ, ತುಪ್ಪವೋ ಎಣ್ಣೆಯೋ ಕಾಲು ಲೋಟ, ಏಲಕ್ಕಿ. ಕಲಸಿ ಅರ್ಧ ಗಂಟೆ ಬಿಟ್ಟರೆ ರವೆ ನೆನೆದು ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ಗಟ್ಟಿಯಾದರೆ ಇನ್ನೊಂದಿಷ್ಟು ಹಾಲು. ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಸೋಡ ಮಾತ್ರ ಕಟ್ಟಕಡೆಗೆ. ಮೊಸರಿನ ಹುಳಿ ತಾಗಿದ್ದೇ ಸೋಡ ನೊರೆ ಬಿಡುತ್ತದೆ. ಆ ಗುಳ್ಳೆ ಒಡೆಯುವ ಮೊದಲು ಹಿಟ್ಟು ಒಲೆ ಮೇಲಿರಬೇಕು. ಹಾಕಿಟ್ಟು ಫೋನಿನಲ್ಲಿ ಮಾತಿಗೆ ಕೂತಿರೋ, ಕೇಕು ಏಳುವುದಿಲ್ಲ.

ಓವನ್ ಬೇಡ. ಹಳೇ ಕುಕ್ಕರಿನ ತಳಕ್ಕೆ ಎರಡು ಹಿಡಿ ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡು, ನೀರು ಒಂದು ಹನಿಯೂ ಇಲ್ಲ. ಮೊದಲು ಮರಳು ಹಾಕುತ್ತಿದ್ದರಂತೆ. ಈಗಿನ ಮರಳಿನ ರೇಟಿಗೆ ಉಪ್ಪೇ ವಾಸಿ. ಹತ್ತು ನಿಮಿಷ ಕಾಯಿಸಿ, ಹಿಟ್ಟಿನ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಕಡ್ಡಿ ಚುಚ್ಚಿದರೆ ಅಂಟಬಾರದು.

ಇದರಲ್ಲಿ ಹೊಸದೇನೂ ಇಲ್ಲ ಅನ್ನಿಸಿದ್ದು ಆಮೇಲೆ. ಕನಕಪುರದಲ್ಲಿ ನಮ್ಮಜ್ಜಿ ಅನ್ನ ಬಸಿದ ಮೇಲೆ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಿದ ತಟ್ಟೆಯ ಮೇಲೂ ನಾಲ್ಕು ಕೆಂಡ ಹಾಕುತ್ತಿದ್ದಳು. ಕೆಳಗೂ ಶಾಖ, ಮೇಲೂ ಶಾಖ. ಓವನ್ ಅಂದರೂ ಅಷ್ಟೇ ತಾನೆ? ಅಜ್ಜಿಗೆ ಸೋಡ ಒಂದು ಸಿಕ್ಕಿದ್ದರೆ ಸಾಕಿತ್ತು.

ಮೊಟ್ಟೆ ಇಲ್ಲದೆ ಕೇಕಾಗುತ್ತದಾ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದಾಗಿನಿಂದ ಆ ಅನುಮಾನ ಕರಗುತ್ತಲೇ ಬಂತು. ಅತ್ತ ಈಜಿಪ್ಟಿನವರು ಇದೇ ರವೆಯನ್ನು ಬೇಯಿಸಿ, ಪಾಕ ಹುಯ್ದು, ಬಸ್ಬೂಸ ಅಂತ ತಿನ್ನುತ್ತಾರೆ. ಅವರಿಗೆ ನಮ್ಮ ಉಪ್ಪಿಟ್ಟಿನ ಗುಟ್ಟು ಗೊತ್ತೋ ಇಲ್ಲವೋ!

ಮಾಗಡಿಯ ನಮ್ಮತ್ತೆಗೆ ಸುದ್ದಿ ಮುಟ್ಟಿತು. ಅವರು ಸಕ್ಕರೆ ಬಿಟ್ಟು ಬೆಲ್ಲ ಹಾಕಿ, ರವೆಗೆ ಒಂದು ಹಿಡಿ ರಾಗಿ ಹಿಟ್ಟು ಬೆರೆಸಿದರು. ಬಣ್ಣ ಕಪ್ಪು, ರುಚಿ ಅಕ್ಕನದಕ್ಕಿಂತ ಒಂದು ಕೈ ಮೇಲು. (ಇದನ್ನು ಅಕ್ಕನಿಗೆ ಹೇಳಬೇಡಿ.) ಮಾವಿನ ಕಾಲದಲ್ಲಿ ಹಾಲಿನ ಬದಲು ಹಣ್ಣಿನ ರಸ ಹಾಕಿದರಂತೂ ಬಾದಾಮಿ ಮಾವಿನ ವಾಸನೆ ಬೀದಿ ಕೊನೆಯವರೆಗೆ.

ನಾನು ಮೊದಲ ಸಲ ಮಾಡಿದ ಕಥೆ ಬೇರೆ. ಹಿಟ್ಟು ನೆನೆಯುವಷ್ಟು ತಾಳ್ಮೆ ಇರಲಿಲ್ಲ. ಕುಕ್ಕರಿನಿಂದ ಇಳಿದದ್ದನ್ನು ಅಕ್ಕ ಬೆರಳಲ್ಲಿ ತಟ್ಟಿ ನೋಡಿ, "ನಮ್ಮೂರ ಬೊಂಬೆ ಮಾಡೋ ಹಾಲೆ ಮರಾನೂ ಇಷ್ಟು ಗಟ್ಟಿ ಇರಲ್ಲ ಕಣೇ" ಅಂದರು. ಮೇಲೆ ರಬ್ಬರು ಸುಟ್ಟ ನಾತ ಬೇರೆ. ಮನೆಯವರು ಮೂರು ದಿನ ಕಿಟಕಿ ತೆಗೆದೇ ಮಲಗಿದರು.

ನೀವೂ ಮಾಡುವುದಾದರೆ ಮಾಡಿ. ಕುಕ್ಕರಿನ ಮುಚ್ಚಳದಿಂದ ವೆಯ್ಟನ್ನೂ ಗ್ಯಾಸ್ಕೆಟನ್ನೂ ಮೊದಲೇ ತೆಗೆದಿಡಿ.