ಗುರುಪಲ್ಲಟ

ಸ್ವದೇಶವನ್ನು ಬಿಟ್ಟು ಹೊರಡುವಾಗ ನಾವು ಅಷ್ಟಾಗಿ ಯೋಚಿಸಿದವರಲ್ಲ. ವೀಸಾ ಬಂದಿತು; ಚಟ್ನಿಪುಡಿಯ ಪೊಟ್ಟಣಗಳನ್ನು ಸೀರೆಯ ಮಡಿಕೆಗಳಲ್ಲಿ ಅಡಗಿಸಿಕೊಂಡು ವಿಮಾನವನ್ನೇರಿದೆವು. ನ್ಯೂಜೆರ್ಸಿಗೆ ಬಂದ ತರುವಾಯ ಉದ್ಯೋಗಗಳನ್ನು ಬದಲಿಸಿದ್ದೇವೆ, ಬಾಡಿಗೆಯ ಮನೆಗಳನ್ನು ಬದಲಿಸಿದ್ದೇವೆ. ಮಿತ್ರರಲ್ಲಿ ಕೆಲವರಂತೂ ಪೌರತ್ವವನ್ನೇ ಬದಲಿಸಿ, ಅದೇ ರಾತ್ರಿ ಬಿಸಿಬೇಳೆಭಾತನ್ನು ಉಂಡು ನಿಶ್ಚಿಂತೆಯಿಂದ ನಿದ್ರಿಸಿದ್ದಾರೆ. ಇಂತಹ ಪರಿವರ್ತನಶೀಲ ಸಮಾಜಕ್ಕೆ ಸೇರಿದ ನಮ್ಮ ಮನೆಯಲ್ಲಿ, ಹದಿನೈದರ ಹರೆಯದ ಮಗಳು ತನ್ನ ಬ್ಯಾಲೆ ಶಾಲೆಯನ್ನು ಬದಲಿಸಬೇಕೆ ಬೇಡವೆ ಎಂಬ ಪ್ರಶ್ನೆಯು ಇಡೀ ಚಳಿಗಾಲ ಇತ್ಯರ್ಥವಾಗದೆ ಉಳಿಯಿತೆಂದರೆ, ಅದರ ಕಾರಣಗಳನ್ನು ವಿವೇಚಿಸುವುದು ಅನುಚಿತವಾಗಲಾರದು.

ವಾರಕ್ಕೊಮ್ಮೆ ಗುಲಾಬಿ ಬಣ್ಣದ ಲಂಗವನ್ನು ತೊಟ್ಟು ಹೋಗಿ, ಹತ್ತು ಹೆಜ್ಜೆ ಕುಣಿದು ಬರುವ ಶಿಶುಗಳನ್ನು ಮಾತ್ರ ಕಂಡವರಿಗೆ, ಈ ವಿದ್ಯೆಯೇ ತನ್ನ ಸರ್ವಸ್ವವೆಂದು ನಂಬಿದ ಹುಡುಗಿಯ ಮನೆಯ ಸ್ಥಿತಿಗತಿಗಳು ಸುಲಭವಾಗಿ ಅರ್ಥವಾಗಲಾರವು. ಅಲ್ಲಿ ಸಂಧ್ಯಾಕಾಲವೆಂಬುದು ಕಾರಿನಲ್ಲಿ ಕಳೆಯತಕ್ಕ ಕಾಲ. ಶನಿವಾರವೆಂಬುದು ಅನ್ಯರಿಗೆ ಮಾತ್ರ ರಜೆ. ತುದಿಬೆರಳುಗಳ ಮೇಲೆ ನಿಲ್ಲುವುದಕ್ಕೆಂದು ಪಾಯಿಂಟ್ ಶೂ ಎಂಬ ಪಾದರಕ್ಷೆಯೊಂದುಂಟು; ಬಟ್ಟೆ, ಕಾಗದ, ಅಂಟುಗಳ ಪದರಗಳಿಂದ ಅದರ ಮೂತಿಯನ್ನು ಗಟ್ಟಿಮಾಡಿರುತ್ತಾರೆ; ಒಂದು ಜೊತೆಗೆ 100 ಡಾಲರಿಗೂ ಮೇಲ್ಪಟ್ಟ ಬೆಲೆ; ಶ್ರದ್ಧೆಯಿಂದ ನರ್ತಿಸುವವಳ ಕಾಲಿನಲ್ಲಿ ಅದು ಕೆಲವೇ ವಾರಗಳಲ್ಲಿ ಮೆತ್ತಗಾಗಿ ನಿರುಪಯುಕ್ತವಾಗುತ್ತದೆ. ಅಷ್ಟು ಹಣವನ್ನು ತೆತ್ತು ತಂದುದನ್ನು ತಂದ ಹಾಗೆಯೇ ಧರಿಸುವಂತೆಯೂ ಇಲ್ಲ: ರಿಬ್ಬನ್ನನ್ನೂ ಎಲಾಸ್ಟಿಕ್ಕನ್ನೂ ಮನೆಯಲ್ಲಿಯೇ ಹೊಲಿದು, ಅಟ್ಟೆಯನ್ನು ಬಗ್ಗಿಸಿ, ಸದ್ದಡಗುವಂತೆ ಮೂತಿಯನ್ನು ನೆಲಕ್ಕೆ ಬಡಿದು, ಅನಂತರವೇ ತೊಡಬೇಕು. ಮೈಸೂರಿನಿಂದ ವೀಡಿಯೊ ಕರೆಯಲ್ಲಿ ಈ ಸಂಸ್ಕಾರವನ್ನು ವೀಕ್ಷಿಸಿದ ನನ್ನ ತಾಯಿಯವರು, “ಇಷ್ಟು ಬಡಿಯೋದಾದರೆ ಯಾರಾದರೂ ಹಾಕಿಕೊಂಡು ಸವೆಸಿದ್ದನ್ನೇ ಅಗ್ಗಕ್ಕೆ ತರಬಾರದೇನೋ?” ಎಂದು ಕೇಳಿದರು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ.

ಹಾಲುಹಲ್ಲು ಬೀಳುವ ವಯಸ್ಸಿನಿಂದ ಮಗಳು ಕಲಿಯುತ್ತಿದ್ದ ಶಾಲೆಯು ಮನೆಗೆ ಸಮೀಪದಲ್ಲಿತ್ತು. ಅಲ್ಲಿನ ಗುರು ರಷ್ಯದಲ್ಲಿ ಪಳಗಿದ ವೃದ್ಧೆ. ವಗನೋವಾ ಪದ್ಧತಿಯಲ್ಲಿ ಅಚಲವಾದ ನಿಷ್ಠೆಯುಳ್ಳವರು. ಹಡ್ಸನ್ ನದಿಯ ಆಚೆಯ ದಡದಲ್ಲಿದ್ದ ಮತ್ತೊಂದು ಶಾಲೆಯಾದರೋ ಬ್ಯಾಲಂಶೀನ್ ಪದ್ಧತಿಯದು. ನಮ್ಮ ಭರತನಾಟ್ಯದ ಬಾನಿಗಳ ಜಗಳವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಕಿ ಹೊಡೆಯುವ ಮುನ್ನ ಹಿಂದಿನ ಮೊಣಕಾಲು ಬಾಗಿರಬೇಕೆಂದು ಒಂದು ಪಕ್ಷ, ನೆಟ್ಟಗೆ ಚಾಚಿರಬೇಕೆಂದು ಇನ್ನೊಂದು ಪಕ್ಷ; ಈ ಒಂದು ಮೊಣಕಾಲನ್ನು ಕುರಿತು ನಡೆಯುವ ವಾದವನ್ನು ಕೇಳಿದರೆ ದ್ವೈತಾದ್ವೈತಗಳ ವಾಕ್ಯಾರ್ಥಸಭೆಯೂ ಸೌಮ್ಯವಾಗಿ ತೋರೀತು. ವಿನೋದವೇನೆಂದರೆ ಇಬ್ಬರೂ ಒಂದೇ ಮನೆಯ ದಾಯಾದಿಗಳು. ಅಗ್ರಿಪ್ಪಿನಾ ವಗನೋವಾ, ಜಾರ್ಜ್ ಬ್ಯಾಲಂಶೀನ್ ಇಬ್ಬರೂ ಓದಿದ್ದು 1738ರಲ್ಲಿ ಸ್ಥಾಪಿತವಾದ ಪೀಟರ್ಸ್‌ಬರ್ಗಿನ ಅದೇ ನೃತ್ಯಶಾಲೆಯಲ್ಲಿ. ಆಕೆ ತಮ್ಮ ಪದ್ಧತಿಯನ್ನು ನಿರೂಪಿಸುವ ಗ್ರಂಥವನ್ನು ರಷ್ಯದಲ್ಲಿ ಪ್ರಕಟಿಸಿದ್ದು 1934ರಲ್ಲಿ. ಆತ ನ್ಯೂಯಾರ್ಕಿನಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆಯನ್ನು ತೆರೆದದ್ದೂ ಅದೇ 1934ರಲ್ಲಿ. ದಾಯಾದಿಗಳ ಜಗಳಕ್ಕೆ ಸಾಮಾನ್ಯವಾಗಿ ಆಸ್ತಿ ಬೇಕು. ಇಲ್ಲಿ ಒಂದು ಮೊಣಕಾಲೇ ಸಾಕಾಯಿತು.

ಪ್ರಶ್ನೆಯು ಮನೆಯಲ್ಲಿ ತಲೆಯೆತ್ತಿದೊಡನೆ ಸಭೆ ಸೇರಿತು. ತಾಯಿಯವರು ಇದು ಗುರುದ್ರೋಹವೆಂದು ಘೋಷಿಸಿದರು. “ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರು ಹೀಗೆ ನದಿ ದಾಟಿಕೊಂಡು ಇನ್ನೊಬ್ಬ ಗುರುವನ್ನ ಹುಡುಕಿದರೇನೋ?” ಎಂಬುದು ಅವರ ಆಕ್ಷೇಪ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನು ಗ್ರಂಥಾವಲೋಕನದಲ್ಲಿ ಆಸಕ್ತನು. ಅವನು ಅದೇ ಬೆಂಗಳೂರಿನಲ್ಲಿ 1912ರಲ್ಲಿ ಜನಿಸಿದ ರಾಮಗೋಪಾಲರನ್ನು ಪ್ರತಿಸಾಕ್ಷಿಯಾಗಿ ಕರೆತಂದನು. ಅವರು ಕಥಕಳಿಯನ್ನು ಕುಂಜು ಕುರುಪರಲ್ಲಿಯೂ ಭರತನಾಟ್ಯವನ್ನು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿಯೂ ಕಲಿತು, 1960ರಲ್ಲಿ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೋವಾ ಅವರೊಡನೆ ರಾಧಾಕೃಷ್ಣರ ನೃತ್ಯವನ್ನಾಡಲಿಲ್ಲವೆ ಎಂದು ವಾದಿಸಿದನು. ತಾಯಿಯವರು ಕ್ಷಣವೂ ತಡೆಯಲಿಲ್ಲ. “ಅವರು ಎರಡು ವಿದ್ಯೆಗೆ ಇಬ್ಬರು ಗುರುಗಳನ್ನ ಮಾಡಿಕೊಂಡರಪ್ಪ, ಇವಳು ಒಂದೇ ಮೊಣಕಾಲಿಗೆ ಇಬ್ಬರನ್ನ ಮಾಡಿಕೊಳ್ಳುತ್ತಾಳಂತಲ್ಲ!” ಎಂದರು. ಭಾವಮೈದುನನ ಕರೆ ಅಲ್ಲಿಗೆ ಕಡಿದುಹೋಯಿತು; ಇಂಟರ್ನೆಟ್ಟಿನ ದೋಷವೆಂದು ಅವನು ಈಗಲೂ ಸಾಧಿಸುತ್ತಾನೆ.

ನನ್ನ ಪತ್ನಿಯು ಕಂಪ್ಯೂಟರಿನಲ್ಲಿ ಕೋಷ್ಟಕವೊಂದನ್ನು ರಚಿಸಿದಳು. ಶುಲ್ಕ, ದೂರ, ನೆಲದ ಹಲಗೆಯ ಮೃದುತ್ವ, ಪಿಯಾನೋ ನುಡಿಸುವವರು ಇದ್ದಾರೆಯೆ ಅಥವಾ ಧ್ವನಿಮುದ್ರಿಕೆಯೆ, ಹೀಗೆ ಒಂದೊಂದಕ್ಕೂ ಅಂಕಗಳನ್ನಿತ್ತು ಕೂಡಲಾಗಿ ಎರಡು ಶಾಲೆಗಳಿಗೂ ಸರಿಸಮವಾದ ಮೊತ್ತ ಬಂದಿತು. ಸಾರಥ್ಯವನ್ನು ವಹಿಸುವವನ ಅನುಕೂಲಕ್ಕೆಂದು ಒಂದು ಅಂಕಣವನ್ನು ಸೇರಿಸಬಹುದೆಂದು ನಾನು ಸೂಚಿಸಿದೆನು. “ರೀ, ಸುಮ್ಮನಿರಿ” ಎಂಬ ಉತ್ತರ ದೊರೆಯಿತು. ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದಾಗ ಪಕ್ಕದ ಮಹನೀಯರು, ಕಾಲೇಜಿನ ಅರ್ಜಿಯಲ್ಲಿ ಯಾವ ಶಾಲೆಯ ಹೆಸರು ಹೆಚ್ಚು ಶೋಭಿಸುತ್ತದೆಂದು ವಿಚಾರಿಸಿದರು. ಅವರ ಶ್ರೀಮತಿಯವರಿಗೆ ರಂಗಪ್ರವೇಶದ ದಿನಾಂಕ ಬೇಕಾಗಿತ್ತು. ಬ್ಯಾಲೆಯಲ್ಲಿ ರಂಗಪ್ರವೇಶವೆಂಬುದಿಲ್ಲವೆಂದು ತಿಳಿಸಲು, “ಅಯ್ಯೋ, ಹಾಗಾದರೆ ಇದು ಮುಗಿಯೋದು ಯಾವಾಗ?” ಎಂದು ಅವರು ನಿಜವಾಗಿಯೂ ಮರುಗಿದರು.

ಎಲ್ಲಕ್ಕಿಂತಲೂ ದುಸ್ತರವಾದ ತೊಡಕೆಂದರೆ ನಟ್‌ಕ್ರ್ಯಾಕರ್. 1892ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಮೊದಲು ರಂಗವೇರಿದ ಚೈಕೋವ್‌ಸ್ಕಿಯ ಈ ಕೃತಿಯನ್ನು ಬ್ಯಾಲಂಶೀನ್ 1954ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದರು. ಇಂದು ಅಮೆರಿಕದ ಎಷ್ಟೋ ನೃತ್ಯಸಂಸ್ಥೆಗಳ ವರ್ಷದ ಖರ್ಚು ತೂಗುವುದು ಡಿಸೆಂಬರಿನ ಈ ಟಿಕೆಟ್ಟುಗಳಿಂದಲೇ. ರಂಗದ ಮೇಲೆ ಮಕ್ಕಳು ಹೆಚ್ಚಿದಷ್ಟೂ ಸಭಾಂಗಣದಲ್ಲಿ ಅಜ್ಜ, ಅಜ್ಜಿ, ಚಿಕ್ಕಮ್ಮ, ಅತ್ತೆಯರು ಹೆಚ್ಚುತ್ತಾರೆಂಬ ಅರ್ಥಶಾಸ್ತ್ರವೂ ಇದರೊಳಗೆ ಅಡಗಿದೆ. ಹಳೆಯ ಶಾಲೆಯಲ್ಲಿಯೇ ಉಳಿದರೆ ಮಗಳಿಗೆ ಮುಂದಿನ ಡಿಸೆಂಬರಿನಲ್ಲಿ ಹಿಮರಾಣಿಯ ಪಟ್ಟ. ಹೊಸ ಶಾಲೆಗೆ ಹೋದರೆ ಹಿಂದಿನ ಸಾಲಿನಲ್ಲಿ ಹಿಮದ ಒಂದು ಹರಳು. ಪಟ್ಟಾಭಿಷೇಕದ ವಾರ್ತೆಯನ್ನು ಕನ್ನಡ ಕೂಟದಾದ್ಯಂತ ಈಗಾಗಲೇ ಪ್ರಚುರಪಡಿಸಿದ್ದ ನನ್ನ ಪತ್ನಿಯ ಸಂಕಟವನ್ನು ಸಹೃದಯರು ಊಹಿಸಿಕೊಳ್ಳಬಹುದು.

ಇಷ್ಟು ವಾದಗಳು ನಡೆಯುತ್ತಿರುವಾಗ, ಸಂಬಂಧಪಟ್ಟ ವ್ಯಕ್ತಿಯ ಅಭಿಪ್ರಾಯವನ್ನು ಕೇಳಬೇಕೆಂದು ಸಭೆಯಲ್ಲಿ ಯಾರಿಗೂ ತೋಚಿರಲಿಲ್ಲ. ಅವಳು ಹಿಮ್ಮಡಿಗೆ ಮಂಜುಗಡ್ಡೆಯ ಚೀಲವನ್ನು ಕಟ್ಟಿಕೊಂಡು ಬೀಜಗಣಿತವನ್ನು ಬಿಡಿಸುತ್ತ ಸೋಫಾದ ಮೂಲೆಯಲ್ಲಿಯೇ ಕುಳಿತಿದ್ದಳು. ಕೊನೆಗೊಂದು ಸಂಜೆ ಅವಳೇ ಬಾಯ್ದೆರೆದಾಗ ತಿಳಿದುಬಂದಿತು: ಎರಡು ಶಾಲೆಗಳಲ್ಲಿಯೂ ಅವಳು ಹುಡುಕಿದ್ದು ತನಗಿಂತ ಎರಡು ಮೂರು ವರ್ಷ ಹಿರಿಯರಾದವರ ತರಗತಿಯನ್ನು. ಹಳೆಯ ಶಾಲೆಯಲ್ಲಿ ಅಂತಹ ತರಗತಿಯೇ ಉಳಿದಿರಲಿಲ್ಲ. ಹದಿನಾರು ತುಂಬಿದವರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಹುಡುಗರೇ ಇಲ್ಲವಾದುದರಿಂದ ಜೋಡಿನೃತ್ಯದ ಶಿಕ್ಷಣವೂ ಇರಲಿಲ್ಲ. ಹೊಸ ಶಾಲೆಯಲ್ಲಿ ವಾರಕ್ಕೆ ಆರು ದಿನ ಪಾಠ, ಜೋಡಿನೃತ್ಯ, ಪ್ರಸಿದ್ಧ ಬ್ಯಾಲೆಗಳ ಅಭ್ಯಾಸ ಎಲ್ಲವೂ ಇದ್ದವು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಗೋಡೆಯ ಬಳಿ ಕುಳಿತವರು ಎಷ್ಟು ಮಂದಿ, ಹುಡುಗಿಯರ ತೂಕದ ಮಾತನ್ನು ಯಾವ ಶಿಕ್ಷಕರಾದರೂ ಎತ್ತುತ್ತಾರೆಯೆ ಎಂಬುದನ್ನೂ ಅವಳು ಗಮನಿಸಿಕೊಂಡು ಬಂದಿದ್ದಳು. ಹಿಮರಾಣಿಯ ವಿಷಯವನ್ನು ನನ್ನ ಪತ್ನಿ ಎತ್ತಲು, “ಅಮ್ಮಾ, ಅಲ್ಲಿ ಆ ಪಾತ್ರಕ್ಕೆ ನನ್ನ ಬಿಟ್ಟರೆ ಯಾರೂ ಇಲ್ಲ. ಅದಕ್ಕೇ ನಾನು ರಾಣಿ” ಎಂದಳು. ಕೋಷ್ಟಕದಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ವಸಂತದ ಪ್ರದರ್ಶನ ಮುಗಿಯುವ ತನಕ ಕಾದು, ಜೂನ್ ತಿಂಗಳಲ್ಲಿ ಬಿಡುವುದೆಂದು ನಿಶ್ಚಯವಾಯಿತು. ನನ್ನ ಪತ್ನಿಯು ಅನಿವಾರ್ಯ ಕಾರಣಗಳನ್ನು ವಿನಯದಿಂದ ನಿವೇದಿಸುವ ಇಮೇಲನ್ನು ಸಿದ್ಧಪಡಿಸಿದ್ದಳು. ತಾಯಿಯವರು, ದ್ರೋಹವನ್ನು ಮಾಡುವುದಾದರೂ ಹಣ್ಣುಹಂಪಲು ಹಿಡಿದುಕೊಂಡು ಹೋಗಿ ಎದುರಿಗೆ ನಿಂತು ಮಾಡತಕ್ಕದ್ದೆಂದು ಆಜ್ಞಾಪಿಸಿದರು. ಹೋದೆವು. ವೃದ್ಧ ಗುರುವು ಎಲ್ಲವನ್ನೂ ಕೇಳಿ, ತಾವು ಇದನ್ನು ಹೋದ ವರ್ಷವೇ ನಿರೀಕ್ಷಿಸಿದ್ದಾಗಿ ಹೇಳಿದರು; ಶಿಷ್ಯೆಯ ಎಡ ಮೊಣಕೈ ಇನ್ನೂ ಜಾರುತ್ತಿರುವುದರಿಂದ ನದಿಯಾಚೆಯವರು ತಮ್ಮನ್ನು ಆಡಿಕೊಂಡಾರೆಂಬುದೊಂದೇ ಅವರ ಚಿಂತೆಯಾಗಿತ್ತು. ಬ್ಯಾಲೆಯ ತರಗತಿಯು ಮುಗಿಯುವುದು ಗುರುವಿಗೂ ವಾದಕರಿಗೂ ಬಾಗಿ ವಂದಿಸುವುದರೊಂದಿಗೆ. ಕೊನೆಯ ದಿನದ ಆ ವಂದನೆಯನ್ನು ಮೊಬೈಲಿನಲ್ಲಿ ಕಂಡ ತಾಯಿಯವರು, ಮೊಣಕಾಲು ಪೂರ್ತಿ ನೆಲಕ್ಕೆ ತಾಗದಿದ್ದರೂ ನಮಸ್ಕಾರವೇ ಸರಿ ಎಂದು ತೀರ್ಪಿತ್ತು, ಗುರುದ್ರೋಹದ ಆರೋಪವನ್ನು ಹಿಂತೆಗೆದುಕೊಂಡರು.

ಆದುದರಿಂದ ಇದೇ ಧರ್ಮಸಂಕಟದಲ್ಲಿರುವ ಹೊರನಾಡಿನ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು. ಶಾಲೆಯನ್ನು ಅಳೆಯಬೇಕಾದರೆ ನಿಮ್ಮ ಮಗುವಿನ ತರಗತಿಯನ್ನು ಬಿಟ್ಟು ಅದರ ಮೇಲಿನ ತರಗತಿಯನ್ನು ನೋಡಿರಿ. ಬಿಡುವುದು ನಿಶ್ಚಯವಾದರೆ, ಸುದ್ದಿಯು ಕನ್ನಡ ಕೂಟವನ್ನು ಮುಟ್ಟುವ ಮೊದಲೇ ಗುರುವಿನ ಎದುರಿಗೆ ನಿಂತು ಹೇಳಿರಿ. ಹಣದ ಚೀಲವೂ ಕಾರಿನ ಚುಕ್ಕಾಣಿಯೂ ನಿಮ್ಮ ಕೈಯಲ್ಲಿಯೇ ಇರಲಿ. ಮತವನ್ನು ಮಾತ್ರ ಯಾರ ಕಾಲಿನ ಉಗುರುಗಳು ಉದುರುತ್ತಿವೆಯೋ ಅವರಿಗೆ ಬಿಟ್ಟುಕೊಡಿರಿ.