ಹಿಡಿದು ಬಿಡುವ ಬಿಡಣ್ಣ

ನಮ್ಮ ಸೀಮೆಯಲ್ಲಿ ಮೀನು ಹಿಡಿಯುವವರಿಗೆ ಯಾವತ್ತೂ ಬರ ಬಂದಿಲ್ಲ. ಹುಣಸೂರಿಗೆ ಲಕ್ಷ್ಮಣತೀರ್ಥ, ಕೆ.ಆರ್. ನಗರಕ್ಕೆ ಕಾವೇರಿ, ಎಚ್.ಡಿ. ಕೋಟೆಗೆ ಕಪಿಲೆ ಅಥವಾ ಕಬಿನಿ, ಪಿರಿಯಾಪಟ್ಟಣಕ್ಕೆ ಏನಿಲ್ಲವೆಂದರೂ ಕೆರೆಗಳು. ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡು, ಹಳೇ ಡಬ್ಬಿಯಲ್ಲಿ ಎರೆಹುಳು. ಸಿಕ್ಕಿದ್ದನ್ನು ಕಡ್ಡಿಗೆ ಪೋಣಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಅಲ್ಲಿ ಹುಣಸೆಹಣ್ಣು ನೆನೆದಿರುತ್ತದೆ. ಗಾಳ ಹಾಕುವವನಿಗೂ ಸಾರಿಗೂ ನಡುವೆ ಯಾವ ತತ್ವವೂ ಅಡ್ಡ ಬರುತ್ತಿರಲಿಲ್ಲ.

ಈಗ ಬಂದಿದೆ. ಆ ತತ್ವವನ್ನು ಹೊತ್ತು ತಿರುಗುವವನನ್ನು ಬಿಡಣ್ಣ ಎಂದು ಕರೆಯೋಣ. ಇವನು ಒಬ್ಬನಲ್ಲ, ತಾಲ್ಲೂಕಿಗೆ ನಾಲ್ಕೈದು ಜನ ಸಿಗುತ್ತಾರೆ. ಒಬ್ಬನಿಗೆ ಗೊಬ್ಬರದ ಅಂಗಡಿ, ಇನ್ನೊಬ್ಬ ಕಾಲೇಜು ಮೇಷ್ಟ್ರು, ಮತ್ತೊಬ್ಬನಿಗೆ ಹೊಗೆಸೊಪ್ಪು ಒಣಗಿಸುವ ಎರಡು ಬ್ಯಾರನ್. ಬ್ಯಾರನ್ನಿಗೆ ಸೌದೆ ಹಾಕಬೇಕಾದ ರಾತ್ರಿಯಲ್ಲಿ ಈತ ಹೊಳೆದಂಡೆಯಲ್ಲಿ ಕೂತು ಕೂಲಿಯವನಿಗೆ ಫೋನಿನಲ್ಲೇ ಉರಿ ಎಷ್ಟಿರಬೇಕೆಂದು ಹೇಳುತ್ತಿರುತ್ತಾನೆ. ಒಂದರೊಳಗೊಂದು ಸೇರಿಕೊಳ್ಳುವ ರಾಡು, ರೀಲು, ಬಣ್ಣದ ಪ್ಲಾಸ್ಟಿಕ್ ಮೀನುಗಳ ಪೆಟ್ಟಿಗೆ, ರಬ್ಬರ್ ಬಲೆ, ತೂಕದ ಕೊಕ್ಕೆ, ಎದೆಯ ತುಂಬ ಜೇಬಿರುವ ಅಂಗಿ, ಇಷ್ಟೆಲ್ಲ ಹೇರಿಕೊಂಡು ಹೋಗಿ ಒಂದು ಗೇಣು ಮೀನು ಹಿಡಿಯುತ್ತಾನೆ. ಹಿಡಿದು, ಫೋಟೊ ತೆಗೆಸಿಕೊಂಡು, ನೀರಿಗೆ ಬಿಡುತ್ತಾನೆ.

ಪಕ್ಕದಲ್ಲಿ ಬೆಂಡು ನೋಡುತ್ತ ಕೂತ ಅಜ್ಜನಿಗೆ ಇದು ಸಹಿಸಲಾಗುವುದಿಲ್ಲ.

“ಏನ್ ಬುದ್ದಿ, ಸಿಕ್ಕುದ್ನ ಬುಟ್‌ಬುಟ್ರಾ?”

“ಹೂಂ ಕಣಜ್ಜ. ಹಿಡಿಯೋದು, ಬಿಡೋದು. ಇದು ಸ್ಪೋರ್ಟು.”

“ಬುಡಂಗಿದ್ರೆ ಇಡಿಯೋದ್ಯಾಕೆ?”

ಈ ಪ್ರಶ್ನೆಗೆ ಬಿಡಣ್ಣನಲ್ಲಿ ಉತ್ತರವಿಲ್ಲ. ತೇಜಸ್ವಿಯವರ ಹೆಸರು ಹೇಳಿ ಪಾರಾಗಲು ನೋಡುತ್ತಾನೆ. ಕರ್ನಾಟಕದಲ್ಲಿ ಗಾಳ ಹಿಡಿದ ಓದುಬರಹದವರೆಲ್ಲ ಕೊನೆಗೆ ಮೂಡಿಗೆರೆಗೇ ಓಡಿ ಬಚ್ಚಿಟ್ಟುಕೊಳ್ಳುವುದು. ಅಜ್ಜನಿಗೆ ತೇಜಸ್ವಿ ಗೊತ್ತಿಲ್ಲ. “ಬೈಲಕುಪ್ಪೆ ಟಿಬೆಟ್ನೋರೂ ಪುಣ್ಯ ಬರ್ಲಿ ಅಂತ ಮೀನ್ ಬುಡ್ತಾರಂತೆ. ಅವ್ರು ಕಾಸ್ ಕೊಟ್ ಬುಡ್ತಾರೆ, ನೀವು ಗಾಳ ಚುಚ್ಚಿ ಬುಡ್ತೀರಿ” ಎಂದು ಎರೆಹುಳು ಬದಲಾಯಿಸಿಕೊಳ್ಳುತ್ತಾನೆ.

ಬಿಡಣ್ಣನಿಗೆ ಈ ದೀಕ್ಷೆ ಸಿಕ್ಕಿದ್ದು ಕಡಲಲ್ಲಿ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಮಡಿಕೇರಿ ದಾಟಿ ಘಟ್ಟ ಇಳಿಯುವ ರಸ್ತೆಯಲ್ಲಿ ಬಂಗುಡೆ, ಬೂತಾಯಿ ನಮ್ಮ ಕಡೆಗೆ ಹತ್ತಿ ಬರುತ್ತಿದ್ದರೆ, ಬಿಡಣ್ಣ ಅದೇ ರಸ್ತೆಯಲ್ಲಿ ಗಾಳ ಕಟ್ಟಿಕೊಂಡು ಎದುರಿಗೆ ಹೋಗುತ್ತಾನೆ. ಸ್ವರ್ಣೆ, ಸೀತೆ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಕೋಡಿ ಬೆಂಗ್ರೆಯ ಅಳಿವೆಯೆಂದರೆ ಅವನಿಗೆ ಕಾಶಿ. ಅಲ್ಲಿ ಉಪ್ಪುನೀರಿನ ಕೆಂಬೇರಿ ಗಾಳ ಕಚ್ಚಿ ಬಂಡೆ ಸಂದಿಗೆ ಎಳೆದ ಕಥೆಯನ್ನು ಅವನು ಹೇಳುವಾಗ ಎದುರಿಗೆ ಕೂತವರೂ ಬೆಂಚು ಹಿಡಿದುಕೊಳ್ಳಬೇಕು. ಜೂನ್, ಜುಲೈ ಬಂತೆಂದರೆ ಯಾಂತ್ರಿಕ ದೋಣಿಗಳಿಗೆ 61 ದಿನದ ಮೀನುಗಾರಿಕೆ ನಿಷೇಧ. ಕಡಲ ದಂಡೆಯಲ್ಲಿ ನಿಂತು ಗಾಳ ಹಾಕುವವನಿಗೆ ಆ ನಿಷೇಧ ತಟ್ಟದು. ಆದರೂ ಮಳೆಗೆ ಹೆದರಿ ಮನೆಯಲ್ಲಿ ಕೂತವನು, ಮರಿ ಮಾಡುವ ಮೀನಿಗೆ ಗೌರವ ಕೊಟ್ಟು ತಾನೂ ನಿಲ್ಲಿಸಿದ್ದೇನೆಂದು ಹೇಳಿಕೊಳ್ಳುತ್ತಾನೆ.

ನಗುವುದು ನಗೋಣ. ಆದರೆ ಮೀನು ಬಿಡುವ ವಿದ್ಯೆಯಲ್ಲಿ ಅವನು ಹೇಳುವುದು ಬಹುಪಾಲು ಸರಿ, ನನ್ನಂಥ ಸಾರಿನ ಪಕ್ಷದವನೂ ಒಪ್ಪಬೇಕು. ಗಾಳದ ಕೊಕ್ಕೆಯ ಒಳಮುಳ್ಳನ್ನು ಅವನು ಇಕ್ಕಳದಲ್ಲಿ ಅದುಮಿ ಮಟ್ಟ ಮಾಡಿಕೊಂಡಿರುತ್ತಾನೆ. ಮುಳ್ಳಿಲ್ಲದ ಗಾಳ ಒಂದು ತಿರುವಿಗೆ ಕಳಚುತ್ತದೆ, ಬಾಯಿ ಹರಿಯುವುದಿಲ್ಲ. ಜೀವಂತ ಎರೆ ಕಟ್ಟಿದರೆ ದುಂಡುಗೆ ಒಳಬಾಗಿದ ಗಾಳವೇ ಬೇಕು. ಅದು ಗಂಟಲಿಗಿಳಿಯದೆ ಬಾಯಿಯ ಮೂಲೆಗೆ ಕಚ್ಚುತ್ತದೆ. ಅದಕ್ಕೆ ಒಂದೇ ನಿಯಮ, ಜಗ್ಗಬಾರದು, ಸುಮ್ಮನೆ ಸುತ್ತಬೇಕು. ಇಷ್ಟಾಗಿಯೂ ಮೀನು ನುಂಗಿಬಿಟ್ಟರೆ ಗಂಟಲಿಗೆ ಬೆರಳು ಹಾಕಿ ಕೆದಕಬಾರದು, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಬೇಕು. ಮಾಮೂಲಿ ಕಬ್ಬಿಣದ ಗಾಳ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಮೀನಿಗೆ ಬಹುಕಾಲದ ಮೂಗುತಿ.

ಕೈ ಒದ್ದೆ ಮಾಡಿಕೊಳ್ಳದೆ ಮೀನು ಮುಟ್ಟುವವರನ್ನು ಕಂಡರೆ ಬಿಡಣ್ಣನಿಗೆ ಮೈ ಉರಿಯುತ್ತದೆ. ಮೀನಿನ ಮೈಮೇಲಿನ ಲೋಳೆ ಅದನ್ನು ರೋಗದಿಂದ ಕಾಯುತ್ತದೆ. ಒಣಗೈ, ಟವೆಲ್, ಗಂಟುಗಂಟಾದ ನೈಲಾನ್ ಬಲೆ, ಬಿಸಿಲಿಗೆ ಕಾದ ಬಂಡೆ, ಎಲ್ಲವೂ ಆ ಲೋಳೆಯನ್ನು ಒರೆಸಿ ಹಾಕುತ್ತವೆ. ದೊಡ್ಡ ಮೀನನ್ನು ದವಡೆ ಹಿಡಿದು ನೇತು ಹಾಕಿದರೆ ಅದರ ಭಾರವೆಲ್ಲ ಕತ್ತಿಗೆ ಬಿದ್ದು ಒಳಗೆ ಪೆಟ್ಟಾಗುತ್ತದೆ. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ, ಬೆರಳು ಕಿವಿರಿನ ಹತ್ತಿರ ಸುಳಿಯಕೂಡದು. ಕೆಂಬೇರಿಯ ಹಲ್ಲು ಕಂಡವನು ಬಾಯಿಗೂ ಬೆರಳು ಹಾಕುವುದಿಲ್ಲ. ತೊರಕೆಯಾದರೆ ಎತ್ತುವುದೇ ಬೇಡ, ಬಾಲದ ಮುಳ್ಳಿನಲ್ಲಿ ನಂಜಿದೆ. ಚುಚ್ಚಿಸಿಕೊಂಡವರು ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಬಿಡಣ್ಣ ಇದನ್ನು ಅನುಭವದಿಂದ ಹೇಳುತ್ತಾನೆ, ಯಾವ ಕಾಲು ಅನ್ನುವುದು ಮಾತ್ರ ಪ್ರತಿ ಸಲ ಬದಲಾಗುತ್ತದೆ.

ಇಷ್ಟೆಲ್ಲ ಬಲ್ಲವನು ಸೋಲುವುದು ಕ್ಯಾಮೆರಾದ ಮುಂದೆ. ಮೀನು ನೀರಿನಿಂದ ಮೇಲಿರುವಷ್ಟು ಹೊತ್ತು ಹಿಡಿದವನೂ ಉಸಿರು ಬಿಗಿಹಿಡಿಯಬೇಕು, ತನಗೆ ಕಷ್ಟವಾದರೆ ಮೀನಿಗೂ ಆಯಿತೆಂದು ತಿಳಿಯಬೇಕು. ಇದು ಅವನದೇ ಬೋಧನೆ. ಫೋಟೊ ತೆಗೆಯುವವನು ಅಕ್ಕನ ಮಗ.

“ಮಾವ, ಟೋಪಿ ಕೊಂಚ ಮೇಲೆತ್ತಿ.”

ಮಾವ ತಲೆಯಿಂದಲೇ ಟೋಪಿ ಮೇಲೆತ್ತಲು ನೋಡುತ್ತಾನೆ.

“ಬಿಸಿಲು ಹಿಂದಿಂದ ಬೀಳ್ತಾದೆ ಮಾವ, ಈ ಕಡೆ ತಿರುಗಿ. ಮೀನು ಮುಂದಕ್ಕೆ ಚಾಚಿ, ದೊಡ್ಡದಾಗಿ ಕಾಣಲಿ. ನಗಿ.”

ಉಸಿರು ಕಟ್ಟಿದ ಬಿಡಣ್ಣನ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ನಗು ಹಲ್ಲು ಕಿರಿದಂತಾಗುತ್ತದೆ. ಮೀನಿನ ಬಾಯಿಯೂ ಹಾಗೇ ತೆರೆದಿರುತ್ತದೆ. ಅಷ್ಟರಲ್ಲಿ ಅಳಿಯನ ಫೋನಿಗೆ ಯಾರದೋ ಕರೆ ಬರುತ್ತದೆ.

ಆಮೇಲೆ ನೀರಿನಲ್ಲಿ ಮೊಣಕಾಲೂರಿ ನಡೆಯುವ ಶುಶ್ರೂಷೆ. ಮೀನಿನ ಬಾಯಿ ಹರಿವಿಗೆ ಎದುರಾಗಿ ಹಿಡಿಯಬೇಕು, ನೀರು ಬಾಯಿಂದ ಕಿವಿರಿಗೆ ಹಾಯಬೇಕು, ಹಿಂದಕ್ಕೂ ಮುಂದಕ್ಕೂ ಗರಗಸದಂತೆ ಎಳೆಯಬಾರದು. ಬಾಲ ತಾನಾಗಿ ಬಡಿದಾಗ ಕೈ ಸಡಿಲಿಸಬೇಕು. ಏಪ್ರಿಲ್ ಮಧ್ಯಾಹ್ನದ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆಗ ಬಹಳ ಹೊತ್ತು ಆಡಿಸಿ ಸುಸ್ತು ಮಾಡಿದ ಮೀನು ಕಣ್ಮುಂದೆ ಈಜಿಕೊಂಡು ಹೋದರೂ ಆಚೆ ಹೋಗಿ ಸಾಯಬಹುದು. ಇದನ್ನು ಹೇಳುವಾಗ ಬಿಡಣ್ಣನ ದನಿ ಸಣ್ಣದಾಗುತ್ತದೆ. ಫೋಟೊ ಮಾತ್ರ ಅಷ್ಟರಲ್ಲಿ ಸ್ಟೇಟಸ್ ಏರಿರುತ್ತದೆ.

ಇನ್ನು ಅವನ ಕುಲದೇವತೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಇದೇ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಹಿಡಿದರು. ಆಗಿನ್ನೂ ಬೀಚನಹಳ್ಳಿಯ ಅಣೆಕಟ್ಟು ಇರಲಿಲ್ಲ. ಗಾಳದವರ ಲೋಕದಲ್ಲಿ ಕೋಟೆ ತಾಲ್ಲೂಕಿನ ಹೊಳೆಗೆ ಇರುವ ಹೆಸರು ಅದರಿಂದಲೇ. ವ್ಯಾನ್ ಇಂಗೆನ್‌ರ ಕಸುಬು ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವವಿದ್ದಂತೆ ನಿಲ್ಲಿಸುವುದು. ಅವರು ಆ ಮೀನನ್ನು ನೀರಿಗೆ ಬಿಟ್ಟರೇ ಎಂದು ಕೇಳಿದರೆ ಬಿಡಣ್ಣ ಮಾತು ಬದಲಿಸಿ ಹೊಗೆಸೊಪ್ಪಿನ ದರಕ್ಕೆ ಹೋಗುತ್ತಾನೆ.

ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಈ ಕೊಳ್ಳ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ನಾಗರಹೊಳೆಯ ಕಾಡಿನೊಳಗೆ ಗಾಳ ಹಾಕುವಂತಿಲ್ಲ. ಭೀಮೇಶ್ವರಿಯ ಗಾಳದ ಶಿಬಿರಗಳೂ ವನ್ಯಜೀವಿ ಕಾನೂನಿನಿಂದ ನಿಂತವು. ಹೀಗಾಗಿ ಬಿಡಣ್ಣನಿಗೆ ದೊಡ್ಡ ಮಹಶೀರಿನ ದರ್ಶನವಾಗುವುದು ಪಿರಿಯಾಪಟ್ಟಣದಾಚೆಯ ರಾಮನಾಥಪುರದ ಮತ್ಸ್ಯಧಾಮದಲ್ಲಿ. ಮೆಟ್ಟಿಲ ಬುಡದಲ್ಲೇ ದೇವರ ಮೀನುಗಳು ಹೊರಳಾಡುತ್ತವೆ. ಪುಟ್ಟ ಮಕ್ಕಳು ಪುರಿ ಎಸೆದು ತಿನ್ನಿಸುತ್ತಾರೆ. ಬಿಡಣ್ಣ ಕೈ ಮುಗಿದು ನಿಲ್ಲುತ್ತಾನೆ, ಬಲಗೈ ಹೆಬ್ಬೆರಳು ಮಾತ್ರ ಇಲ್ಲದ ರೀಲನ್ನು ಸುತ್ತುತ್ತಿರುತ್ತದೆ.

ಮನೆಗೆ ಬರುವ ಮುಂಚೆ ಇನ್ನೊಂದು ವಿಧಿಯಿದೆ. ದಿನವಿಡೀ ಹಿಡಿದು ಬಿಟ್ಟವನು ಹುಣಸೂರಿನಲ್ಲಿ ಮಂಗಳೂರು ಮೀನಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಎರಡು ಕಿಲೋ ಬಂಗುಡೆ ಕಟ್ಟಿಸುತ್ತಾನೆ. ಹೆಂಡತಿ ಚೀಲ ಬಿಚ್ಚುತ್ತ, “ಅಲ್ಲ ಕಣ್ರೀ, ಅಲ್ಲಿ ಬಿಟ್ಟು ಬಂದಿದ್ದೂ ಮೀನೇ ಅಲ್ವಾ?” ಅನ್ನುತ್ತಾಳೆ. ಅದು ಬೇರೆ, ಇದು ಬೇರೆ ಎಂದು ಅವನು ಕೈಕಾಲು ತೊಳೆಯಲು ಹೋಗುತ್ತಾನೆ.

ಇಷ್ಟಾದರೂ ಅವನನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಒಂದೇ, ಜಿಲೇಬಿ ಮೀನನ್ನೂ ಬಿಡುವುದು. ಜಿಲೇಬಿ ಆಫ್ರಿಕಾದಿಂದ ಬಂದದ್ದು. ನಮ್ಮ ಕೆರೆ, ಹಿನ್ನೀರುಗಳಲ್ಲಿ ಮಿತಿಮೀರಿ ಮರಿಹಾಕಿ ಇಲ್ಲಿನ ಮೀನಿನ ಜಾಗವನ್ನೇ ತಿನ್ನುತ್ತದೆ. ಅದಕ್ಕೂ ಕೈ ಒದ್ದೆ ಮಾಡಿ, ಹೊಟ್ಟೆಗೆ ಆಸರೆ ಕೊಟ್ಟು, ಹರಿವಿಗೆ ಬಾಯಿ ತಿರುಗಿಸಿ, ಹೋಗಿ ಬಾ ಕಂದ ಎಂದು ಕಳಿಸಿಕೊಡುತ್ತಾನೆ. ನಿಮ್ಮೂರ ಕೆರೆ ಏರಿಯ ಮೇಲೆ ಈ ಮನುಷ್ಯ ಕಂಡರೆ ಜಗಳಕ್ಕೆ ಹೋಗಬೇಡಿ. ಮಹಶೀರ್ ಬಿದ್ದರೆ ಅವನು ಹೇಳಿದಂತೆ ಕೇಳಿ, ಬೇಗ ಬಿಡಲು ನೆರವಾಗಿ, ಫೋಟೊ ಬೇಡವೆನ್ನಿ. ಜಿಲೇಬಿ ಬಿದ್ದರೆ ಮಾತ್ರ ಕೈಯಿಂದ ಕಿತ್ತುಕೊಂಡು ನೇರ ಮನೆಗೆ ನಡೆಯಿರಿ. ಸಣ್ಣ ಮುಳ್ಳಿನ ಕಾಟವಿಲ್ಲ, ಹುರಿದರೆ ಸಾಕು.