ಸಂಬಳದ ಮೇಲೊಂದು ಆಪು

ನಮ್ಮ ಪಕ್ಕದ ಮನೆಯ ಟೀಚರು ನಿವೃತ್ತರಾದರೂ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ಕಾಂಪೌಂಡಿನ ಆಚೆ ದಾಸವಾಳ ಕೀಳುತ್ತಾ ಅವರು ಕೇಳಬೇಕು, ಈಚೆ ಬಟ್ಟೆ ಒಣಹಾಕುತ್ತಾ ನಾನು ಉತ್ತರ ಹೇಳಬೇಕು. ಈ ಸಲದ ಪ್ರಶ್ನೆ ಬೆಂಗಳೂರಿನ ಕಂಪನಿಯೊಂದರಲ್ಲಿರುವ ಮಗನ ಬಗ್ಗೆ.

"ರಾತ್ರಿ ಎರಡರವರೆಗೂ ಕಂಪ್ಯೂಟರ್ ಮುಂದೆ ಕೂತಿರ್ತಾನಂತೆ ಕಣಮ್ಮಾ. ಆಫೀಸಿನ ಕೆಲಸವೂ ಅಲ್ಲ, ತನ್ನದೇ ಆಪ್ ಅಂತೆ. ಅದರಲ್ಲಿ ದುಡ್ಡು ಬರುತ್ತಾ?"

ಬರುತ್ತೆ ಟೀಚರೇ. ಆದರೆ ಹುಡುಗರು ಕಾದು ಕೂತ ದಿಕ್ಕಿನಿಂದ ಬರೋದು ಅಪರೂಪ.

ಇವರ ತಲೆಯಲ್ಲೆಲ್ಲ ಫ್ಲ್ಯಾಪಿ ಬರ್ಡ್ ಹಾರಾಡುತ್ತಿರುತ್ತದೆ. ಹನೋಯಿಯ ಡಾಂಗ್ ನ್ಗುಯೆನ್ ಎಂಬ ಹುಡುಗ 2013ರಲ್ಲಿ ಒಬ್ಬನೇ ಕೂತು ಮಾಡಿಬಿಟ್ಟ ಆಟ. 2014ರ ಹೊತ್ತಿಗೆ ಜಾಹೀರಾತಿನಿಂದಲೇ ದಿನಕ್ಕೆ 50,000 ಡಾಲರ್ ಬರುತ್ತಿದೆ ಎಂದು ಸುದ್ದಿಯಾಯಿತು. ಆ ಫೆಬ್ರವರಿಯಲ್ಲಿ ಅವನೇ ಅದನ್ನು ಆಪ್ ಅಂಗಡಿಯಿಂದ ಇಳಿಸಿಬಿಟ್ಟ. ಅದು ಲಾಟರಿ. ಲಾಟರಿ ಹೊಡೆದವನ ಹತ್ತಿರ ವ್ಯಾಪಾರ ಕಲಿಯಲಾಗುವುದಿಲ್ಲ.

ನನಗೆ ಇಷ್ಟವಾದ ಆಸಾಮಿ ಬೇರೆ. ಹೆಸರು ಪ್ಯಾಟ್ರಿಕ್ ಮೆಕೆಂಜಿ, ಅಮೆರಿಕದವನು, ಜಪಾನಿನಲ್ಲಿ ಸಂಬಳದ ಕೆಲಸದಲ್ಲಿದ್ದ. 2006ರ ಜುಲೈನಲ್ಲಿ ಬಿಡುವಿನ ವೇಳೆಯಲ್ಲಿ, 60 ಡಾಲರಿನೊಳಗೆ ಖರ್ಚು ಮಾಡಿ, ಬಿಂಗೊ ಕಾರ್ಡ್ ಕ್ರಿಯೇಟರ್ ಅಂತ ಒಂದು ಸಾಫ್ಟ್‌ವೇರ್ ಮಾಡಿ ಮಾರಾಟಕ್ಕಿಟ್ಟ.

"ಬಿಂಗೊ ಅಂದ್ರೆ ನಮ್ಮ ಹೌಸಿ ತಾನೆ?"

ಅದರ ಅಣ್ಣತಮ್ಮ. ಐದು ಸಾಲು, ಐದು ಕಂಬ, ಅಂಕಿಯ ಬದಲು ಪದಗಳು. ಟೀಚರ್ ಪದ ಓದುತ್ತಾರೆ, ಮಕ್ಕಳು ಹುಡುಕಿ ಗುರುತು ಹಾಕುತ್ತವೆ. ಮೂವತ್ತು ಮಕ್ಕಳಿದ್ದರೆ ಮೂವತ್ತು ಬೇರೆ ಬೇರೆ ಕಾರ್ಡು ಬೇಕು. ಎಲ್ಲರದೂ ಒಂದೇ ಆದರೆ ಇಡೀ ಕ್ಲಾಸು ಒಟ್ಟಿಗೇ 'ಬಿಂಗೊ' ಎಂದು ಕಿರುಚುತ್ತದೆ.

"ಅಯ್ಯೋ, ಡ್ರಾಯಿಂಗ್ ಶೀಟ್ ಕತ್ತರಿಸಿ ಸ್ಕೆಚ್ ಪೆನ್ನಲ್ಲಿ ಬರೆದೂ ಬರೆದೂ ನಮ್ಮ ಬೆರಳೇ ಮರಗಟ್ಟಿ ಹೋಗ್ತಿತ್ತಲ್ಲೇ!"

ಅದೇ ಟೀಚರೇ. ಆ ಮರಗಟ್ಟಿದ ಬೆರಳಿಗೆ ಅವನು 24.95 ಡಾಲರ್ ಬೆಲೆ ಕಟ್ಟಿದ. ಪದಗಳ ಪಟ್ಟಿ ಕೊಟ್ಟರೆ ಕಲೆಸಿ, ಚೌಕದೊಳಗೆ ತುಂಬಿ, ಪ್ರಿಂಟ್ ಹಾಕಿಕೊಡುತ್ತದೆ, ಅಷ್ಟೆ. ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗಿಯೂ ಬರೆದಾಳು. ಹಾಗಾದರೆ ಅವನು ವರ್ಷಗಟ್ಟಲೆ ಮಾಡಿದ ಕೆಲಸವೇನು ಎಂದರೆ, ಅಮೆರಿಕದ ಮೇಡಂಗಳು ಗೂಗಲ್‌ನಲ್ಲಿ ಏನೆಂದು ಹುಡುಕುತ್ತಾರೆ ಎಂದು ನೋಡುತ್ತಾ ಕೂತದ್ದು. ಪ್ರಾಣಿಗಳ ಬಿಂಗೊ ಬೇಕೇ, ಗ್ರಹಗಳದ್ದು ಬೇಕೇ, ಒಂದೊಂದಕ್ಕೂ ಸಿದ್ಧ ಪಟ್ಟಿ ಮಾಡಿಟ್ಟ. ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್ ಬಿಂಗೊ ಹುಡುಕಿಕೊಂಡು ಬರುವವರೇ ಬರುವವರು, ಅವನಿಗೆ ಅದೇ ಸುಗ್ಗಿ. ಪ್ರಿಂಟರ್ ಕೆಟ್ಟಿದ್ದಕ್ಕೂ ಇವನನ್ನೇ ಕೇಳುವ ಟೀಚರುಗಳಿಗೆ ತಾಳ್ಮೆಯಿಂದ ಉತ್ತರ ಬರೆದ. (ಪ್ರೋಗ್ರಾಮರುಗಳಿಗೆ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ, ನನ್ನನ್ನೇ ನೋಡಿ.) ಬಂದ ಲಾಭವನ್ನು ಊರಿಗೆಲ್ಲ ಕಾಣುವಂತೆ ಬರೆದಿಟ್ಟ, ಹಾಗಾಗಿ ನಮಗೆ ಗೊತ್ತಾಯಿತು. ಸಂಬಳದ ಕೆಲಸ ಬಿಟ್ಟದ್ದು 2010ರಲ್ಲಿ, ಅಲ್ಲಿಯವರೆಗೆ ಎರಡೂ ಜೊತೆಗೇ ನಡೆದವು.

ನಿಮ್ಮ ಮಗ ಏನು ಮಾಡುತ್ತಿದ್ದಾನೋ ನನಗೆ ಗೊತ್ತಿಲ್ಲ. ಇನ್ನೊಂದು ಟು-ಡೂ ಪಟ್ಟಿಯ ಆಪ್ ಆಗಿದ್ದರೆ ಹೋಗಿ ಮಲಗಲು ಹೇಳಿ. ಆ ಆಪು ಯಾರ ಬೆರಳಿನ ನೋವಿಗೆ ಎಂದು ಮೊದಲು ಅವನನ್ನು ಕೇಳಿ.

"ಅದು ಸರಿ, ಕಂಪನಿಯೋರು ಸುಮ್ನೆ ಇರ್ತಾರಾ?"

ಟೀಚರಿಗೆ 2022ರ ಗಲಾಟೆ ನೆನಪಿದೆ. ಆ ಸೆಪ್ಟೆಂಬರಿನಲ್ಲಿ ವಿಪ್ರೊದ ರಿಷದ್ ಪ್ರೇಮ್‌ಜಿ, ಕದ್ದು ಇನ್ನೊಂದು ಕೆಲಸ ಮಾಡುತ್ತಿದ್ದ 300 ಜನರನ್ನು ತೆಗೆದೆವೆಂದು ಹೇಳಿದಾಗ ಸರ್ಜಾಪುರ ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಎಲ್ಲರ ಎದೆ ಢವಢವ ಅಂದಿತ್ತು. ಆದರೆ ಆ 300 ಜನ ದುಡಿಯುತ್ತಿದ್ದದ್ದು ನೇರ ಎದುರಾಳಿ ಕಂಪನಿಗಳಿಗೆ, ಇದನ್ನು ಗಮನಿಸಬೇಕು. ಮರುತಿಂಗಳೇ ಇನ್ಫೋಸಿಸ್, ಮೊದಲೇ ಅನುಮತಿ ಪಡೆದರೆ ಹೊರಗಿನ ಸಣ್ಣಪುಟ್ಟ ಕೆಲಸ ಮಾಡಬಹುದು ಎಂದು ತನ್ನವರಿಗೆ ತಿಳಿಸಿತು. ಆದ್ದರಿಂದ ಆಫರ್ ಲೆಟರನ್ನು ಪೆಟ್ಟಿಗೆಯಿಂದ ತೆಗೆದು ಪೂರ್ತಿ ಓದಬೇಕು. 'ನೀನು ಬರೆದದ್ದೆಲ್ಲ ನಮ್ಮದು' ಎಂಬರ್ಥದ ಸಾಲೊಂದು ಅದರಲ್ಲಿ ಅಡಗಿರುವುದುಂಟು. ಕಂಪನಿಯ ಲ್ಯಾಪ್‌ಟಾಪಿನಲ್ಲಂತೂ ಒಂದಕ್ಷರ ಟೈಪ್ ಮಾಡಬಾರದು.

ಉಳಿದ ಲೆಕ್ಕ ಸಣ್ಣದು. ಆಪ್ ಮಾರಲು ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು, ಆಪಲ್‌ಗೆ ವರ್ಷವರ್ಷವೂ 99. ಸಣ್ಣ ವ್ಯಾಪಾರಿಗಳ ಮಾರಾಟದಲ್ಲಿ ಇಬ್ಬರೂ ಕೀಳುವುದು ನೂರಕ್ಕೆ 15. ಆದರೆ ಹೊಸಬರಿಗೆ ಗೂಗಲ್ ಇನ್ನೊಂದು ವ್ರತ ಇಟ್ಟಿದೆ: ಆಪ್ ಅಂಗಡಿಗೆ ಏರುವ ಮೊದಲು 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿಕೊಂಡಿರಬೇಕು. ಸತ್ಯನಾರಾಯಣ ಪೂಜೆಗಾದರೆ ಪ್ರಸಾದದ ಆಸೆಗೆ ನೂರು ಜನ ಬಂದಾರು. ಇದಕ್ಕೆ ಬರುವವರು ಅತ್ತೆ, ಮಾವ, ರೂಮ್‌ಮೇಟು. ಮೂರನೇ ದಿನ ಅವರೂ ಫೋನಿನಲ್ಲಿ ಜಾಗ ಇಲ್ಲವೆಂದು ಅಳಿಸಿ ಹಾಕುತ್ತಾರೆ.

ಬಂದ ಕಾಸನ್ನು ಮುಚ್ಚಿಡುವಂತಿಲ್ಲ. ಅದು ವ್ಯವಹಾರದ ಆದಾಯ, ಸಂಬಳದವರು ತುಂಬುವ ಸರಳ ಐಟಿಆರ್-1 ಅದಕ್ಕೆ ನಡೆಯುವುದಿಲ್ಲ.

"ಕನ್ನಡದಲ್ಲೇ ಏನಾದ್ರೂ ಮಾಡೋಕೆ ಹೇಳ್ಲಾ?"

ಇಲ್ಲಿ ನಾನು ತಡವರಿಸಿದೆ. ಬೆರಳು ನೋಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ: ಸಂಘದ ಪಾಸ್‌ಬುಕ್ ಬರೆಯುವವರು, ಹಾಲಿನ ಡೈರಿಯ ಲೆಕ್ಕದವರು, ನಿಮ್ಮಂಥ ಟೀಚರುಗಳು. ಇಲ್ಲದಿರುವುದು ಕೊಡುವ ಕೈ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕದ್ದ ಸಾಫ್ಟ್‌ವೇರಿನ ಸಿ.ಡಿ. ಕೊಂಡು ಬೆಳೆದವರು ನಾವು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ'ವನ್ನು ಹೊರತಂದು ಪುಕ್ಕಟೆ ಹಂಚಿದರು, ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಎಷ್ಟೋ ಮಂದಿ ಕಲಿತದ್ದೇ ಅದರಿಂದ. ಮುಂದೆ ಅದಕ್ಕೆ ಬೆಲೆ ಇಟ್ಟಾಗ, 'ಕನ್ನಡಕ್ಕೂ ಕಾಸಾ?' ಎಂದು ಹುಬ್ಬೇರಿಸಿದವರನ್ನು ನಾನೇ ಕಂಡಿದ್ದೇನೆ. ಅವರೇ ಸಂಜೆ ಇನ್ನೂರು ರೂಪಾಯಿ ಕೊಟ್ಟು ಕಾಫಿ ಕುಡಿಯುತ್ತಾರೆ.

ಹಾಗಾಗಿ ಟೀಚರ ಮಗನಿಗೆ ಹೇಳುವುದಕ್ಕಿಂತ ಈ ಮಾತು ಓದುಗರಾದ ನಿಮಗೇ ಹೇಳುವುದು ಲೇಸು. ಯಾರೋ ಹುಡುಗಿ ರಾತ್ರಿ ನಿದ್ದೆಗೆಟ್ಟು ಮಾಡಿದ ಕನ್ನಡದ ಆಪೊಂದು ನಿಮ್ಮ ಕೆಲಸ ಹಗುರ ಮಾಡಿ, 99 ರೂಪಾಯಿ ಕೇಳಿದರೆ, ದಯವಿಟ್ಟು ಚೌಕಾಸಿ ಮಾಡದೆ ಕೊಟ್ಟುಬಿಡಿ.